ಕನೆಕ್ಟರಿನಿಂದ ಮರಳುವ ಬೆಳಕು: ಶಿವಮೊಗ್ಗ–ಭದ್ರಾವತಿ ಫೈಬರ್ ಜಾಡನ್ನು ಕುರಿತ ಒಂದು ಸಂಶೋಧನಾ ಟಿಪ್ಪಣಿ

ಫೈಬರ್ ಸಂಪರ್ಕ ಕೊಡಲು ಮನೆಗೆ ಬರುವ ತಂತ್ರಜ್ಞ ತಂತಿಯ ತುದಿಯನ್ನು ಪವರ್ ಮೀಟರಿಗೆ ಸಿಕ್ಕಿಸಿ, ಪರದೆ ನೋಡಿ, ‘ಮೈನಸ್ ಇಪ್ಪತ್ತೊಂದು ಬರ್ತಿದೆ ಸಾರ್, ಲೈನ್ ಚೆನ್ನಾಗಿದೆ’ ಎನ್ನುತ್ತಾನೆ. ಕೇಂದ್ರದಿಂದ ಹೊರಟ ಬೆಳಕು ಮನೆಗೆ ಎಷ್ಟು ತಲುಪಿತು ಎಂಬುದನ್ನು ಆ ಮೀಟರು ಸರಿಯಾಗಿಯೇ ಹೇಳುತ್ತದೆ. ದಾರಿಯಲ್ಲಿ ಎಷ್ಟು ಬೆಳಕು ತಿರುಗಿ ಕೇಂದ್ರದ ಕಡೆಗೇ ಹೋಯಿತು ಎಂಬುದು ಮಾತ್ರ ಅದಕ್ಕೆ ಕಾಣದು. ಹೀಗೆ ಮರಳುವ ಬೆಳಕು ಹುಟ್ಟುವುದು ಬಹುಪಾಲು ಕನೆಕ್ಟರುಗಳಲ್ಲಿ. ಈ ಟಿಪ್ಪಣಿಯ ವಾದ ಇಷ್ಟು: ಕನೆಕ್ಟರಿನಲ್ಲಿ ಆಗುವ ನಷ್ಟ ಮತ್ತು ಪ್ರತಿಫಲನ ಎರಡು ಬೇರೆ ಬೇರೆ ಗುಣಗಳು, ಮೊದಲನೆಯದರಲ್ಲಿ ಪಾಸಾದ ಕನೆಕ್ಟರು ಎರಡನೆಯದರಲ್ಲಿ ಪೂರ್ತಿ ಫೇಲಾಗಿರಬಹುದು, ಮಲೆನಾಡಿನ ಅಂಚಿನ ನಮ್ಮ ಮಳೆಗಾಲ ಆ ದೋಷವನ್ನು ಕೆಲವು ತಿಂಗಳು ಮುಚ್ಚಿಡಬಲ್ಲದು.

ಉದಾಹರಣೆಗೆ ಶಿವಮೊಗ್ಗ ನಗರ ಮತ್ತು ಭದ್ರಾವತಿಯ ನಡುವಿನ ಜಾಡನ್ನು ತೆಗೆದುಕೊಂಡಿದ್ದೇನೆ. ತುಂಗೆಯ ದಡದ ಊರಿಗೂ ಭದ್ರೆಯ ದಡದ ಊರಿಗೂ ನಡುವೆ ಹೆದ್ದಾರಿಯೂ ಬೀರೂರು–ಶಿವಮೊಗ್ಗ ರೈಲು ಹಾದಿಯೂ ಇವೆ. ಕೇಬಲ್ ಉದ್ದವನ್ನು ಲೆಕ್ಕದ ಅನುಕೂಲಕ್ಕೆ 18 ಕಿ.ಮೀ. ಎಂದು ಹಿಡಿದಿದ್ದೇನೆ. ಕೆಳಗಿನ ಅಂಕಿಗಳು ಭೌತವಿಜ್ಞಾನದ ಸೂತ್ರಗಳಿಂದಲೂ ಪ್ರಕಟಿತ ಮಾನದಂಡಗಳಿಂದಲೂ ಲೆಕ್ಕ ಹಾಕಿದವು. ಯಾವುದೇ ಒಂದು ಕಂಪನಿಯ ಜಾಲದಲ್ಲಿ ಅಳೆದವಲ್ಲ.

ರಾತ್ರಿ ಬಸ್ಸಿನಲ್ಲಿ ಭದ್ರಾವತಿಗೆ ಹೊರಟವರಿಗೆ ಕಿಟಕಿಯ ಗಾಜಿನಲ್ಲಿ ಹೊರಗಿನ ದೀಪಗಳ ಜೊತೆ ತಮ್ಮ ಮುಖವೂ ಕಾಣುತ್ತದೆ. ಗಾಜು ಎಷ್ಟೇ ಶುಭ್ರವಾಗಿದ್ದರೂ ಅದರ ಪ್ರತಿಯೊಂದು ಮೈಯಿಂದ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕು ಹಿಂದಿರುಗುತ್ತದೆ. ಫೈಬರಿನೊಳಗೂ ಇದೇ ನಿಯಮ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಕೊಟ್ಟ ಸೂತ್ರದ ಪ್ರಕಾರ, ನೇರವಾಗಿ ಬಂದು ಬೀಳುವ ಬೆಳಕಿಗೆ ಎರಡು ಮಾಧ್ಯಮಗಳ ವಕ್ರೀಭವನಾಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ ಪ್ರತಿಫಲನದ ಪ್ರಮಾಣ ಸಿಗುತ್ತದೆ. ಫೈಬರಿನ ಸಿಲಿಕಾ ಗಾಜಿಗೆ 1.45, ಗಾಳಿಗೆ 1 ಎಂದು ಹಿಡಿದರೆ 0.45ನ್ನು 2.45ರಿಂದ ಭಾಗಿಸಬೇಕು, ವರ್ಗ 0.0337. ಅಂದರೆ ಶೇ. 3.4ರಷ್ಟು ಬೆಳಕು ವಾಪಸು. ಡೆಸಿಬಲ್ ಲೆಕ್ಕದಲ್ಲಿ ಇದು 14.7 ಡಿಬಿ ರಿಟರ್ನ್ ಲಾಸ್. ರಿಟರ್ನ್ ಲಾಸ್ ಹೆಚ್ಚಿದಷ್ಟೂ ಮರಳುವ ಬೆಳಕು ಕಡಿಮೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 50 ಡಿಬಿ ಎಂದರೆ ಲಕ್ಷದಲ್ಲಿ ಒಂದು ಪಾಲು, 60 ಡಿಬಿ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು.

ಈ ಸೂತ್ರ ಭದ್ರಾವತಿಗೆ ಹೊಸದಲ್ಲ. 1965ರಿಂದ ಪ್ರಸಾರ ನಡೆಸಿರುವ ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗ 675 ಕಿಲೋಹರ್ಟ್ಸಿನದು. ಅದರ ತರಂಗಾಂತರ ಸುಮಾರು 444 ಮೀಟರ್. ಟ್ರಾನ್ಸ್‌ಮಿಟರಿನಿಂದ ಗೋಪುರಕ್ಕೆ ಹೋಗುವ ಲೈನಿನ ಇಂಪಿಡೆನ್ಸಿಗೂ ಗೋಪುರದ ಇಂಪಿಡೆನ್ಸಿಗೂ ಹೊಂದಾಣಿಕೆ ತಪ್ಪಿದರೆ ಶಕ್ತಿ ಹಿಂದಿರುಗುತ್ತದೆ. ಅಲ್ಲಿಯೂ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸುವ ಅದೇ ರೂಪದ ಲೆಕ್ಕ. ರೇಡಿಯೊ ಎಂಜಿನಿಯರುಗಳು ಹೊರಟ ಶಕ್ತಿಯ ಜೊತೆಗೆ ಮರಳಿದ ಶಕ್ತಿಯನ್ನೂ ಓದುವ ಶಿಸ್ತನ್ನು ಮೊದಲಿನಿಂದ ಪಾಲಿಸಿದ್ದಾರೆ. 1.55 ಮೈಕ್ರಾನ್ ತರಂಗಾಂತರದ ಬೆಳಕಿಗೆ ಬಂದಾಗ ಆ ಶಿಸ್ತು ಕೈಬಿಟ್ಟುಹೋಗಿರುವುದು ನನ್ನ ಮಟ್ಟಿಗೆ ದೊಡ್ಡ ಕೊರತೆ.

ಇಡೀ 18 ಕಿ.ಮೀ. ಜಾಡಿನಲ್ಲಿ ಪ್ರತಿಫಲನ ಎಲ್ಲೆಲ್ಲಿ ಹುಟ್ಟಬಹುದು? ನೆಲದಡಿಯ ಕೇಬಲ್ಲಿನ ಜಾಯಿಂಟುಗಳಲ್ಲಿ ಅಲ್ಲ. 2 ಕಿ.ಮೀ. ಉದ್ದದ ಡ್ರಮ್ಮುಗಳನ್ನು ಜೋಡಿಸುತ್ತ ಹೋದರೆ ಎಂಟು ಜಾಯಿಂಟುಗಳು ಬೇಕು. ವಿದ್ಯುತ್ ಕಿಡಿಯ ಶಾಖದಲ್ಲಿ ಗಾಜಿಗೆ ಗಾಜು ಕರಗಿ ಬೆಸೆಯುವ ಫ್ಯೂಷನ್ ಸ್ಪ್ಲೈಸಿನಲ್ಲಿ ನಡುವೆ ಗಾಳಿ ಇರುವುದಿಲ್ಲ, ಮಾಧ್ಯಮ ಬದಲಾಗುವುದಿಲ್ಲ. ಹಾಗಾಗಿ ಚೆನ್ನಾಗಿ ಮಾಡಿದ ಸ್ಪ್ಲೈಸ್ ನಷ್ಟವನ್ನು ಅಷ್ಟಿಷ್ಟು ಸೇರಿಸಿದರೂ ಪ್ರತಿಫಲನವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ತೊಂದರೆ ಇರುವುದು ಬಿಚ್ಚಿ ಹಾಕಬಹುದಾದ ಕಡೆಗಳಲ್ಲಿ: ಎರಡೂ ಊರಿನ ಕೇಂದ್ರಗಳ ಫ್ರೇಮುಗಳಲ್ಲಿ, ಪ್ಯಾಚ್ ಕಾರ್ಡುಗಳಲ್ಲಿ, ಬೀದಿ ಬದಿಯ ಪೆಟ್ಟಿಗೆಗಳಲ್ಲಿ, ಗ್ರಾಹಕರ ಗೋಡೆಯ ಮೇಲೆ.

ಕನೆಕ್ಟರಿನ ಬಾಯನ್ನು 400 ಪಟ್ಟು ಹಿಗ್ಗಿಸುವ ಪರೀಕ್ಷಾ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜಿರ್ಕೋನಿಯಾ ಪಿಂಗಾಣಿಯ ಫೆರೂಲ್, ಎಸ್‌ಸಿ ಮಾದರಿಯಲ್ಲಿ 2.5 ಮಿ.ಮೀ. ದಪ್ಪ, ಎಲ್‌ಸಿ ಮಾದರಿಯಲ್ಲಿ ಅದರ ಅರ್ಧ. ಅದರ ನಟ್ಟನಡುವೆ 125 ಮೈಕ್ರಾನ್ ವ್ಯಾಸದ ಬೂದು ಬಣ್ಣದ ಗಾಜಿನ ವೃತ್ತ. ಅದರ ಕೇಂದ್ರದಲ್ಲಿ ಸುಮಾರು 9 ಮೈಕ್ರಾನಿನ ತಿರುಳು. ಬೆಳಕೆಲ್ಲ ಹಾಯುವುದು ಆ ತಿರುಳಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಬೆರಳು ಒಮ್ಮೆ ತಾಗಿದ್ದರೆ ಜಿಡ್ಡಿನ ಹನಿಗಳು ಬೂದು ವೃತ್ತದ ಮೇಲೆ ಸಾಲಾಗಿ ಕಾಣುತ್ತವೆ. ಅಂಗಿಯ ಅಂಚಿಗೆ ಒರೆಸಿದ್ದರೆ ನೂಲಿನ ಎಳೆ, ಜೊತೆಗೆ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಐಇಸಿ 61300-3-35 ಎಂಬ ಅಂತರರಾಷ್ಟ್ರೀಯ ಮಾನದಂಡ ಈ ಮುಖವನ್ನು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಎಂಥ ಗೀರು, ಎಂಥ ಕಲೆ ಸಹ್ಯ ಎಂದು ನಿಗದಿ ಮಾಡಿದೆ. ತಿರುಳಿನ ವಲಯಕ್ಕೆ ಅದರ ನಿಯಮ ಅತ್ಯಂತ ಕಟ್ಟುನಿಟ್ಟು, ಮತ್ತು ಅದು ಸರಿಯಾಗಿಯೇ ಇದೆ.

ಫೆರೂಲಿನ ತುದಿಯನ್ನು ಚಪ್ಪಟೆಯಾಗಿ ಉಜ್ಜುವುದಿಲ್ಲ, ಸ್ವಲ್ಪ ಗುಮ್ಮಟದಂತೆ ಉಬ್ಬಿಸಿರುತ್ತಾರೆ. ಎರಡು ಫೆರೂಲ್‌ಗಳನ್ನು ಅಡಾಪ್ಟರಿನೊಳಗೆ ಸ್ಪ್ರಿಂಗ್ ಒತ್ತಿದಾಗ ಗುಮ್ಮಟಗಳ ನೆತ್ತಿಗಳು ಮೊದಲು ತಾಗಿ, ಗಾಜು ಗಾಜನ್ನು ಮುಟ್ಟಿ, ನಡುವಿನ ಗಾಳಿ ಹೊರಗಾಗುತ್ತದೆ. ಗಾಳಿ ಇಲ್ಲದ ಮೇಲೆ ಫ್ರೆನೆಲ್ ಪ್ರತಿಫಲನಕ್ಕೆ ಕಾರಣವೂ ಇಲ್ಲ. ಈ ಸ್ಪರ್ಶವನ್ನು ಕೆಡಿಸಲು ಎರಡು ಮೈಕ್ರಾನಿನ ಧೂಳಿನ ಕಣ ಸಾಕು. ಅದು ತಿರುಳಿನ ಮೇಲೇ ಕೂರಬೇಕೆಂದಿಲ್ಲ. ಪಕ್ಕದಲ್ಲಿ ಕೂತರೂ ನೆತ್ತಿಗಳನ್ನು ಎತ್ತಿ ಹಿಡಿಯುತ್ತದೆ, ನಡುವೆ ಗಾಳಿಯ ಪದರ ಉಳಿಯುತ್ತದೆ.

ಮುಂದಿನ ಲೆಕ್ಕವೇ ಈ ಟಿಪ್ಪಣಿಯ ತಿರುಳು. ಗಾಳಿಯ ಪದರಕ್ಕೆ ಎರಡು ಮೈಗಳು. ಎರಡರಿಂದಲೂ ಬೆಳಕು ಮರಳುತ್ತದೆ, ಮರಳಿದ ಎರಡು ಅಲೆಗಳು ಒಂದರ ಮೇಲೊಂದು ಕೂಡುತ್ತವೆ ಅಥವಾ ಕಳೆಯುತ್ತವೆ. ಪದರದ ದಪ್ಪ ತರಂಗಾಂತರದ ಕಾಲುಭಾಗವಾಗಿದ್ದರೆ, ಅಂದರೆ 1550 ನ್ಯಾನೋಮೀಟರ್ ಬೆಳಕಿಗೆ ಸುಮಾರು 390 ನ್ಯಾನೋಮೀಟರ್ ಆಗಿದ್ದರೆ, ಎರಡೂ ಕೂಡಿ ಶೇ. 12.6ರಷ್ಟು ಬೆಳಕು ಹಿಂದಕ್ಕೆ ಹೋಗುತ್ತದೆ. ರಿಟರ್ನ್ ಲಾಸ್ ಬರೀ 9 ಡಿಬಿ. ದಪ್ಪ 775 ನ್ಯಾನೋಮೀಟರ್ ಆದರೆ ಅವು ಒಂದನ್ನೊಂದು ಅಳಿಸಿ ಪ್ರತಿಫಲನ ಇಲ್ಲವೇ ಇಲ್ಲ ಎಂಬಂತೆ ಕಾಣುತ್ತದೆ. ಅದೇ 775ರ ಪದರವನ್ನು 1310 ನ್ಯಾನೋಮೀಟರಿನಲ್ಲಿ ಅಳೆದರೆ ಶೇ. 4ಕ್ಕಿಂತ ಹೆಚ್ಚು ಬೆಳಕು ಮರಳುತ್ತದೆ, ಸುಮಾರು 14 ಡಿಬಿ. ಒಂದೇ ಕನೆಕ್ಟರು, ಒಂದು ತರಂಗಾಂತರದಲ್ಲಿ ನಿರ್ದೋಷಿ, ಇನ್ನೊಂದರಲ್ಲಿ ತಪ್ಪಿತಸ್ಥ. ತಂತಿಯನ್ನು ಮುಟ್ಟಿದರೆ, ಪೆಟ್ಟಿಗೆಯ ಬಾಗಿಲು ಹಾಕಿದರೆ ರೀಡಿಂಗ್ ಓಲಾಡುತ್ತದೆ ಎಂದು ತಂತ್ರಜ್ಞರು ಹೇಳುವ ಅನುಭವಕ್ಕೆ ಇಲ್ಲೇ ವಿವರಣೆ ಇದೆ: ಮೈಕ್ರಾನಿನ ಕಾಲುಭಾಗದಷ್ಟು ಸರಿದರೂ ಫಲಿತಾಂಶ ತಲೆಕೆಳಗಾಗುತ್ತದೆ.

ಈಗ ಇದೇ ಗಾಳಿಪದರದ ನಷ್ಟವನ್ನು ನೋಡೋಣ. ಸರಾಸರಿಯಲ್ಲಿ ಶೇ. 6.5ರಷ್ಟು ಬೆಳಕು ಹಿಂದಕ್ಕೆ ಹೋದರೆ ಮುಂದಕ್ಕೆ ಹೋಗುವುದರಲ್ಲಿ ಆಗುವ ಕೊರತೆ ಸುಮಾರು 0.3 ಡಿಬಿ. ಒಂದು ಜೋಡಿ ಕನೆಕ್ಟರಿಗೆ 0.5 ಡಿಬಿ, ಕೆಲವು ಮಾನದಂಡಗಳಲ್ಲಿ 0.75 ಡಿಬಿ ತನಕ ನಷ್ಟಕ್ಕೆ ಅವಕಾಶ ಇದೆ. ಪವರ್ ಮೀಟರ್ ಈ ಕನೆಕ್ಟರನ್ನು ಯಾವ ಅನುಮಾನವೂ ಇಲ್ಲದೆ ಒಪ್ಪುತ್ತದೆ. ಪ್ರತಿಫಲನದಲ್ಲಾದರೋ ಅದು ಇರಬೇಕಾದ 50 ಡಿಬಿಗಿಂತ 38 ಡಿಬಿಯಷ್ಟು ಕೆಳಗಿದೆ, ಅಂದರೆ ಆರು ಸಾವಿರ ಪಟ್ಟಿಗೂ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತಿದೆ.

ಉಜ್ಜುವಿಕೆಯ ಬಗ್ಗೆಯೂ ಒಂದು ಮಾತು. ಗಾಜನ್ನು ಒರಟು ಪುಡಿಯಿಂದ ಉಜ್ಜಿದರೆ ಮೇಲ್ಮೈಯಲ್ಲಿ ತೆಳ್ಳನೆಯ ಪದರವೊಂದು ಒತ್ತಡಕ್ಕೆ ಸಿಕ್ಕಿ ಸಾಂದ್ರವಾಗಿ ಅದರ ವಕ್ರೀಭವನಾಂಕ ಏರುತ್ತದೆ. ಏರಿಕೆ 0.05 ಇದ್ದರೂ ಅಂಥ ಒಂದು ಗಡಿಯಿಂದ 35 ಡಿಬಿ ಮಟ್ಟದ ಪ್ರತಿಫಲನ ಬರುತ್ತದೆ. ಹಳೆಯ ಪಿಸಿ (ಫಿಸಿಕಲ್ ಕಾಂಟಾಕ್ಟ್) ಕನೆಕ್ಟರುಗಳು 30–40 ಡಿಬಿ ಆಸುಪಾಸಿನಲ್ಲೇ ನಿಂತುಬಿಡಲು ಇದೊಂದು ಕಾರಣ. ನಯವಾದ ಪುಡಿಯಿಂದ ಕೊನೆಯ ಸುತ್ತು ಉಜ್ಜಿ ಆ ಪದರವನ್ನು ತೆಗೆದಾಗ ಸಿಕ್ಕಿದ್ದು 50 ಡಿಬಿಯ ಯುಪಿಸಿ, ನಮ್ಮ ಪೇಟೆಯಲ್ಲಿ ಎಲ್ಲರೂ ನೀಲಿ ಕನೆಕ್ಟರ್ ಎನ್ನುವುದು.

ಹಸಿರು ಕನೆಕ್ಟರಿನ ಉಪಾಯ ಬೇರೆ. ಎಪಿಸಿ ಎಂಬ ಈ ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಓರೆ ಮೈಯಿಂದ ಚಿಮ್ಮಿದ ಬೆಳಕು ಅಕ್ಷದಿಂದ 16 ಡಿಗ್ರಿ ಆಚೆಗೆ ಹೊರಳುತ್ತದೆ. ಫೈಬರಿನ ತಿರುಳು ಗಾಜಿನೊಳಗೆ ಹಿಡಿದಿಟ್ಟುಕೊಳ್ಳಬಲ್ಲ ಕೋನ 5 ಡಿಗ್ರಿ ಆಸುಪಾಸು. ಹಾಗಾಗಿ ಮರಳಿದ ಬೆಳಕು ತಿರುಳಿಗೆ ಸೇರದೆ ಹೊರಕವಚದಲ್ಲಿ ಚದುರಿ ಸಾಯುತ್ತದೆ. ಗಾಜಿನಿಂದ ಬೆಳಕು ಮರಳುವುದನ್ನು ಇಲ್ಲಿ ತಡೆದಿಲ್ಲ. ಮರಳಿದ ಬೆಳಕಿಗೆ ಹಿಂದಿನ ದಾರಿಯನ್ನು ಮುಚ್ಚಿದ್ದಾರೆ. ಇದರ ದೊಡ್ಡ ಗುಣ ಕಾಣುವುದು ಕನೆಕ್ಟರು ಖಾಲಿ ಬಿಟ್ಟಾಗ. ತೆರೆದಿಟ್ಟ ನೀಲಿ ತುದಿ 14.7 ಡಿಬಿ ಪ್ರತಿಫಲನ ಕೊಟ್ಟರೆ, ತೆರೆದಿಟ್ಟ ಹಸಿರು ತುದಿ ಆಗಲೂ 55 ಡಿಬಿಗಿಂತ ಮೇಲಿರುತ್ತದೆ. ಹಸಿರನ್ನು ನೀಲಿಗೆ ಸಿಕ್ಕಿಸುವ ತಪ್ಪು ಮಾತ್ರ ಎರಡೂ ಕಡೆ ಹಾನಿ: ಓರೆ ಮೈಗೂ ನೇರ ಮೈಗೂ ನಡುವೆ ಗಾಳಿಯ ಬೆಣೆ ಉಳಿದು ಹಲವು ಡಿಬಿ ನಷ್ಟವಾಗುತ್ತದೆ, ನೇರ ಮೈ ಕನ್ನಡಿಯಂತೆ ವರ್ತಿಸುತ್ತದೆ, ಒತ್ತಡಕ್ಕೆ ಎರಡೂ ಮುಖಗಳು ಗಾಯಗೊಳ್ಳುತ್ತವೆ.

ಇನ್ನು ಮಳೆ. ಬೀದಿಯ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗೆ ತೇವ ಕೂರುತ್ತದೆ. ಕೆಟ್ಟ ಸ್ಪರ್ಶವಿರುವ ಕನೆಕ್ಟರಿನ ಗಾಳಿಪದರಕ್ಕೆ ನೀರು ಸೇರಿತು ಎನ್ನಿ. ಈ ಬೆಳಕಿಗೆ ನೀರಿನ ವಕ್ರೀಭವನಾಂಕ ಸುಮಾರು 1.32. ಗಾಜಿಗೂ ನೀರಿಗೂ ವ್ಯತ್ಯಾಸ 0.13 ಮಾತ್ರ, ಒಂದು ಮೈಯಿಂದ ಮರಳುವುದು ಶೇ. 0.22, ಅಂದರೆ ರಿಟರ್ನ್ ಲಾಸ್ 14.7ರಿಂದ 26.6 ಡಿಬಿಗೆ ಏರುತ್ತದೆ. ನಷ್ಟವೂ ಇಳಿಯುತ್ತದೆ. ಕನೆಕ್ಟರನ್ನು ಯಾರೂ ಸರಿಪಡಿಸಿಲ್ಲ, ಆದರೂ ರೀಡಿಂಗ್ ಉತ್ತಮಗೊಂಡಿದೆ! ಡಿಸೆಂಬರಿನ ಒಣಹವೆಗೆ ನೀರು ಆರಿದರೆ ಹಳೆಯ ಪ್ರತಿಫಲನ ಮರಳುತ್ತದೆ, ಜೊತೆಗೆ ನೀರಿನಲ್ಲಿ ಕರಗಿದ್ದ ಲವಣದ ಕಲೆ ಗಾಜಿನ ಮೇಲೆ ಉಳಿಯುತ್ತದೆ. ಮಳೆಗಾಲದಲ್ಲಿ ದೂರು ನಿಂತು ಬೇಸಿಗೆಯಲ್ಲಿ ಮತ್ತೆ ಶುರುವಾಗುವ ಲೈನುಗಳಿದ್ದರೆ ಈ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು. ಇದೇ ಬಲೆ ಸ್ವಚ್ಛಗೊಳಿಸುವಾಗಲೂ ಇದೆ. ಐಸೊಪ್ರೊಪೈಲ್ ಆಲ್ಕೋಹಾಲಿನ ವಕ್ರೀಭವನಾಂಕ ಸುಮಾರು 1.37. ಅದು ಆರುವ ಮೊದಲೇ ಸಿಕ್ಕಿಸಿ ಅಳೆದರೆ ಒಂದು ಮೈಗೆ 31 ಡಿಬಿಯಷ್ಟು ಸಿಗುತ್ತದೆ. ಸ್ವಚ್ಛಗೊಂಡಿತೆಂದು ಬರೆದುಕೊಂಡು ಹೋದ ಮೇಲೆ ಅದು ಆರುತ್ತದೆ. ಒದ್ದೆ ಬಟ್ಟೆಯ ನಂತರ ನೂಲು ಬಿಡದ ಒಣ ಬಟ್ಟೆ, ನಂತರ ಸೂಕ್ಷ್ಮದರ್ಶಕ, ನಂತರವೇ ಜೋಡಣೆ. ಬಾಯಿಂದ ಊದುವುದಂತೂ ಉಸಿರಿನ ತೇವವನ್ನೇ ಹಚ್ಚಿದಂತೆ.

ಮರಳಿದ ಬೆಳಕಿನಿಂದ ಆಗುವ ಕೇಡೇನು? ಒಂದು, ಅದು ಲೇಸರಿನೊಳಗೆ ಹೊಕ್ಕು ಅದರ ಹೊಮ್ಮುವಿಕೆಯನ್ನು ಕಲಕುತ್ತದೆ. ಒಳ್ಳೆಯ ಲೇಸರುಗಳಲ್ಲಿ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಇರುತ್ತದೆ, ಅಗ್ಗದವುಗಳಲ್ಲಿ ಇರುವುದಿಲ್ಲ. ಎರಡು, ಒಂದೇ ಜಾಡಿನಲ್ಲಿ ಎರಡು ಕೆಟ್ಟ ಕನೆಕ್ಟರುಗಳಿದ್ದರೆ ಮುಂದಿನದರಿಂದ ಮರಳಿದ ಬೆಳಕು ಹಿಂದಿನದಕ್ಕೆ ಬಡಿದು ಮತ್ತೆ ಮುಂದಕ್ಕೆ ಹೊರಟು ಮೂಲ ಸಂಕೇತದ ಜೊತೆ ತಡವಾಗಿ ಬೆರೆಯುತ್ತದೆ. ಎರಡೂ ಕಡೆ ಶೇ. 3.4 ಪ್ರತಿಫಲನವಿದ್ದರೆ ಪಡೆಯುವ ಶಕ್ತಿ ಹೆಚ್ಚೆಂದರೆ ಶೇ. 6.7ರಷ್ಟು ಮೇಲಕ್ಕೂ ಕೆಳಕ್ಕೂ ಕುಣಿಯಬಹುದು. ಎರಡೂ 50 ಡಿಬಿಯ ಕನೆಕ್ಟರುಗಳಾಗಿದ್ದರೆ ಆ ಕುಣಿತ ಶೇ. 0.002. ಉದ್ದದ ಜಾಡಿನಲ್ಲಿ ಫೈಬರಿನ ಸ್ವಂತ ನಷ್ಟ ಈ ಪ್ರತಿಧ್ವನಿಯನ್ನು ತಗ್ಗಿಸುತ್ತದೆ. ಒಂದೇ ಕೇಂದ್ರದ ಫ್ರೇಮಿನಲ್ಲಿ ಮೂರು ಮೀಟರ್ ಅಂತರದಲ್ಲಿರುವ ಎರಡು ಕನೆಕ್ಟರುಗಳ ನಡುವೆ ಅಂಥ ರಕ್ಷಣೆ ಇಲ್ಲ. ಚಿಕ್ಕ ಜಾಡು ಎಂಬ ಕಾರಣಕ್ಕೆ ಅಲಕ್ಷ್ಯ ಮಾಡುವುದು ಸರಿಯಲ್ಲ ಎನ್ನುವುದು ಇದಕ್ಕೇ.

ಮನೆಗಳಿಗೆ ಹೋಗುವ ಜಿಪಾನ್ ಜಾಲದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಐಟಿಯು-ಟಿಯ ಜಿ.984.2 ಶಿಫಾರಸಿನ ಪ್ರಕಾರ ಜಾಲದ ಒಟ್ಟು ರಿಟರ್ನ್ ಲಾಸ್ 32 ಡಿಬಿಗಿಂತ ಉತ್ತಮವಾಗಿರಬೇಕು. ಒಂದು ಫೈಬರಿನ ಬೆಳಕನ್ನು 32 ಕವಲುಗಳಿಗೆ ಹಂಚುವ 1:32 ಸ್ಪ್ಲಿಟರಿನ ನಷ್ಟ ಸುಮಾರು 17 ಡಿಬಿ. ಅದರ ಒಂದು ಖಾಲಿ ನೀಲಿ ಪೋರ್ಟಿನಿಂದ ಮರಳುವ ಬೆಳಕು ಸ್ಪ್ಲಿಟರನ್ನು ಎರಡು ಸಲ ದಾಟಬೇಕಾದ್ದರಿಂದ ಕೇಂದ್ರದ ಕಡೆ ಅದು 48.7 ಡಿಬಿ, ಚಿಂತೆಯಿಲ್ಲ. ಆದರೆ 32 ಪೋರ್ಟುಗಳೂ ಖಾಲಿ ಇದ್ದರೆ ಎಲ್ಲವೂ ಕೂಡಿ 33.7 ಡಿಬಿ, ಮಿತಿಯ ಅಂಚು. ಹೊಸ ಬಡಾವಣೆಯಲ್ಲಿ ಚಿಕ್ಕ 1:8 ಸ್ಪ್ಲಿಟರ್ ಹಾಕಿ ಪೋರ್ಟುಗಳೆಲ್ಲ ಖಾಲಿ ಬಿಟ್ಟರೆ ಲೆಕ್ಕ 26.7 ಡಿಬಿಗೆ ಬಂದು ಮಿತಿ ಮೀರುತ್ತದೆ. ಕೇಂದ್ರದಿಂದ ದೂರ ಹೋದಂತೆ ಫೈಬರಿನ ನಷ್ಟ ಇದನ್ನು ಸರಿದೂಗಿಸುತ್ತದೆ; ಕೇಂದ್ರದ ಪಕ್ಕದ ಬೀದಿಯಲ್ಲಿ ಸರಿದೂಗಿಸದು. ಖಾಲಿ ಪೋರ್ಟುಗಳೂ ಹಸಿರಾಗಿರಬೇಕು ಎಂಬ ನಿಯಮ ಇದರಿಂದ ಬಂದದ್ದು. ಕೇಬಲ್ ಟಿವಿಯನ್ನೂ ಅದೇ ತಂತಿಯಲ್ಲಿ 1550ರ ಬೆಳಕಿನಲ್ಲಿ ಕಳಿಸುವ ಕಡೆ ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ, ಏಕೆಂದರೆ ಆ ಸಂಕೇತಕ್ಕೆ ಪ್ರತಿಧ್ವನಿಯನ್ನು ಸಹಿಸುವ ಶಕ್ತಿ ತೀರ ಕಡಿಮೆ.

ಪ್ರತಿಫಲನವನ್ನು ಕಾಣಿಸುವ ಉಪಕರಣ ಓಟಿಡಿಆರ್. ಬೆಳಕಿನ ಚಿಕ್ಕ ಮಿಡಿತವನ್ನು ಬಿಟ್ಟು ಮರಳಿ ಬಂದುದನ್ನು ಸಮಯದ ಲೆಕ್ಕದಲ್ಲಿ ದೂರವಾಗಿ ಬರೆಯುತ್ತದೆ. 18 ಕಿ.ಮೀ. ಹೋಗಿ ಬರಲು ಸುಮಾರು 176 ಮೈಕ್ರೋಸೆಕೆಂಡ್. ಉಪಕರಣಕ್ಕೆ ಕೊಡುವ ವಕ್ರೀಭವನಾಂಕ 1.468ರಲ್ಲಿ 0.001 ತಪ್ಪಿದರೂ ಭದ್ರಾವತಿ ತುದಿ 12 ಮೀಟರ್ ಆಚೀಚೆ ಬೀಳುತ್ತದೆ. ರಸ್ತೆ ಅಗೆಯುವವರಿಗೆ ಅದು ಚಿಕ್ಕ ತಪ್ಪಲ್ಲ. 1 ಮೈಕ್ರೋಸೆಕೆಂಡಿನ ಮಿಡಿತ ಬಳಸಿದರೆ 100 ಮೀಟರಿನೊಳಗಿನ ಎರಡು ಕನೆಕ್ಟರುಗಳು ಒಂದೇ ಆಗಿ ಕಾಣುತ್ತವೆ, 10 ನ್ಯಾನೋಸೆಕೆಂಡಿನದು ಒಂದು ಮೀಟರಿನ ಮಟ್ಟಕ್ಕೆ ಬಿಡಿಸುತ್ತದೆ. ಕೇಂದ್ರದ ಫ್ರೇಮನ್ನು ಪರೀಕ್ಷಿಸುವಾಗ ಚಿಕ್ಕ ಮಿಡಿತವನ್ನೇ ಬಳಸಬೇಕು.

ಘೋಸ್ಟ್ ಎಂದು ತಂತ್ರಜ್ಞರು ಕರೆಯುವ ಸುಳ್ಳು ಮೊನೆಯೂ ಪ್ರತಿಫಲನದ ಮಗುವೇ. ಶಿವಮೊಗ್ಗದಿಂದ 8 ಕಿ.ಮೀ. ದೂರದಲ್ಲಿ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಆಸುಪಾಸಿನ ಪೆಟ್ಟಿಗೆಯಲ್ಲಿ, ಕೊಳಕು ಕನೆಕ್ಟರೊಂದು ಇದೆ ಎಂದುಕೊಳ್ಳಿ. ಅಲ್ಲಿಂದ ಮರಳಿದ ಬೆಳಕು ಓಟಿಡಿಆರಿನ ಬಾಯಿಯ ಕನೆಕ್ಟರಿಗೆ ಬಡಿದು ಮತ್ತೊಮ್ಮೆ ಹೋಗಿ ಬಂದರೆ 16 ಕಿ.ಮೀ.ನಲ್ಲಿ, ಭದ್ರಾವತಿಗೆ ಸ್ವಲ್ಪ ಮೊದಲು, ಇಲ್ಲದ ಕನೆಕ್ಟರೊಂದು ತೆರೆಯ ಮೇಲೆ ಮೂಡುತ್ತದೆ. ಅದನ್ನು ಗುರುತಿಸುವ ಬಗೆ ಸುಲಭ: ಸುಳ್ಳು ಮೊನೆಯ ಹಿಂದೆ ಮುಂದೆ ಗೆರೆಯ ಮಟ್ಟ ಇಳಿದಿರುವುದಿಲ್ಲ, ಮತ್ತು ಅದರ ದೂರ ಯಾವುದೋ ನಿಜವಾದ ಮೊನೆಯ ಸರಿಯಾಗಿ ಎರಡರಷ್ಟು ಇರುತ್ತದೆ. ಮಾಚೇನಹಳ್ಳಿಯ ಕನೆಕ್ಟರನ್ನು ಒರೆಸಿದರೆ ಎರಡೂ ಒಟ್ಟಿಗೆ ಮಾಯವಾಗುತ್ತವೆ.

ಭಾರತದ ದೂರವಾಣಿ ಜಾಲಕ್ಕೆ ಫೈಬರ್ ಬಂದದ್ದು 1979ರಲ್ಲಿ, ಪುಣೆಯ ಎಕ್ಸ್‌ಚೇಂಜುಗಳ ನಡುವೆ. ಇಂದು ಅದು ಗ್ರಾಮ ಪಂಚಾಯಿತಿಯ ಕಟ್ಟಡದ ತನಕ ಬಂದಿದೆ. ಹೊಸ ಜಾಡನ್ನು ವಹಿಸಿಕೊಳ್ಳುವಾಗ ನಷ್ಟದ ಅಂಕಿಯ ಪಕ್ಕದಲ್ಲಿ ಪ್ರತಿ ಕನೆಕ್ಟರಿನ ಪ್ರತಿಫಲನದ ಅಂಕಿಯೂ ಇರಬೇಕು. ಅದನ್ನು 1310 ಮತ್ತು 1550 ಎರಡರಲ್ಲೂ ಅಳೆದಿರಬೇಕು. ಮಳೆಗಾಲದಲ್ಲಿ ಅಳೆದದ್ದನ್ನು ಫೆಬ್ರುವರಿ–ಮಾರ್ಚ್ ಒಣಹವೆಯಲ್ಲಿ ಇನ್ನೊಮ್ಮೆ ಅಳೆಯದೆ ಒಪ್ಪಬಾರದು. ಇದು ಗುತ್ತಿಗೆ ಪತ್ರ ಬರೆಯುವವರಿಗೆ ನನ್ನ ಕೋರಿಕೆ. ಇನ್ನೊಂದು ಕೋರಿಕೆ ಶಿವಮೊಗ್ಗದ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೂ ಸಹ್ಯಾದ್ರಿ ವಿಜ್ಞಾನ ಕಾಲೇಜಿನ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೂ: ಒಂದು ಓಟಿಡಿಆರ್, ಒಂದು ಪರೀಕ್ಷಾ ಸೂಕ್ಷ್ಮದರ್ಶಕ, ಒಂದು ಆರ್ದ್ರತಾಮಾಪಕ ಇಟ್ಟುಕೊಂಡು ಬೀದಿ ಪೆಟ್ಟಿಗೆಯೊಂದರ ಕನೆಕ್ಟರುಗಳನ್ನು ಜೂನ್‌ನಿಂದ ಮುಂದಿನ ಮೇ ತನಕ ವಾರಕ್ಕೊಮ್ಮೆ ಅಳೆದು ದಾಖಲೆ ಮಾಡಿ. ನೀರಿನ ಪದರದ ಬಗ್ಗೆ ಇಲ್ಲಿ ಮಾಡಿದ ಲೆಕ್ಕವನ್ನು ಆ ದಾಖಲೆ ದೃಢಪಡಿಸಲಿ, ಇಲ್ಲವೇ ತಿದ್ದಲಿ.